ಬ್ರೂನೋಗೆ ಇನ್ನಷ್ಟು ವಾಕಿಂಗ್ ಬೇಡ, ಮೂಗಿಗೆ ಕೆಲಸ ಕೊಡಿ

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರ. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಮತ್ತು ಎರಡು ವರ್ಷದ ಲ್ಯಾಬ್ರಡಾರ್ ಬ್ರೂನೋ. ನಾವಿಬ್ಬರೂ ಬೆಳಿಗ್ಗೆ ಎಂಟೂವರೆಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ ಆರೂವರೆಗೆ. ದಿನಾ ಬೆಳಿಗ್ಗೆ ಯಜಮಾನರು ಅವನನ್ನು ಮುಕ್ಕಾಲು ಗಂಟೆ ವಾಕಿಂಗ್ ಕರೆದುಕೊಂಡು ಹೋಗುತ್ತಾರೆ. ಸಂಜೆ ಟೆರೇಸಿನಲ್ಲಿ ಬಾಲ್ ಎಸೆದು ಓಡಿಸುತ್ತೇವೆ. ಆದರೂ ಮಧ್ಯಾಹ್ನ ಹೂಕುಂಡದ ಮಣ್ಣು ಕೆದಕುತ್ತಾನೆ, ಚಪ್ಪಲಿ ಕಚ್ಚಿ ಹಾಕುತ್ತಾನೆ, ಗೇಟಿನ ಮುಂದೆ ಯಾರು ಹೋದರೂ ಬೊಗಳುತ್ತಾನೆ, ಅತ್ತೆಯ ಸೆರಗು ಹಿಡಿದು ಎಳೆಯುತ್ತಾನೆ. ಅವರಿಗೆ 68 ವರ್ಷ, ಸಾಕಾಗಿ ಹೋಗಿದೆ. ವಾಕಿಂಗ್ ಇನ್ನೂ ಜಾಸ್ತಿ ಮಾಡಬೇಕಾ? ಜೊತೆಗೆ ಇನ್ನೊಂದು ನಾಯಿ ತಂದರೆ ಸರಿಹೋಗುತ್ತಾನಾ?

ಉತ್ತರ: ಇನ್ನೊಂದು ನಾಯಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಈಗ ಬೇಡ. ಹೊಸದಾಗಿ ಬಂದ ಮರಿ ದೊಡ್ಡದನ್ನು ನೋಡಿ ಕಲಿಯುತ್ತದೆ. ಬ್ರೂನೋ ಈಗ ಕಲಿಸುವುದು ಕುಂಡ ಕೆದಕುವುದನ್ನು, ಗೇಟಿನ ಹತ್ತಿರ ಬೊಗಳುವುದನ್ನು. ಅತ್ತೆಯವರ ಕಷ್ಟ ಎರಡರಷ್ಟಾಗುತ್ತದೆ, ಅಷ್ಟೇ. ಅವನು ನೆಮ್ಮದಿಯಾದ ಮೇಲೆ, ನಿಮಗೆಲ್ಲ ನಿಜವಾಗಿ ಆಸೆ ಇದ್ದರೆ, ಆಗ ಯೋಚನೆ ಮಾಡಿ.

ವಾಕಿಂಗ್ ಜಾಸ್ತಿ ಮಾಡುವುದೂ ಬೇಡ. ಮುಕ್ಕಾಲು ಗಂಟೆ ನಡಿಗೆ, ಮೇಲೆ ಸಂಜೆ ಓಟ. ಅವನ ಕಾಲಿಗೆ ನೀವು ಧಾರಾಳವಾಗಿಯೇ ಕೊಟ್ಟಿದ್ದೀರಿ. ಬಹಳ ಮನೆಗಳಲ್ಲಿ ಇದರ ಅರ್ಧವೂ ಸಿಗುವುದಿಲ್ಲ. ಆದರೆ ಇಡೀ ದಿನದಲ್ಲಿ ಅವನು ತಾನಾಗಿ ಯೋಚನೆ ಮಾಡಿ, ಹುಡುಕಿ, ಸಾಧಿಸಿದ್ದು ಅಂತ ಏನಿದೆ ಹೇಳಿ? ಊಟ ತಟ್ಟೆಯಲ್ಲಿ ಬಂದು ಬೀಳುತ್ತದೆ. ಎರಡು ನಿಮಿಷದಲ್ಲಿ ಖಾಲಿ. ಆಮೇಲೆ ಹತ್ತು ಗಂಟೆ ಅವನಿಗೆ ಮಾಡಲು ಏನೂ ಇಲ್ಲ.

ನಿಮ್ಮ ರಸ್ತೆ ತಿರುವಿನ ಟೀ ಅಂಗಡಿ ಹತ್ತಿರ ಒಂದು ಬೀದಿ ನಾಯಿ ಇದ್ದೇ ಇರುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅದನ್ನು ಸುಮ್ನೆ ಅರ್ಧ ಗಂಟೆ ಗಮನಿಸಿ. ಓಡುವುದು ತೀರಾ ಕಮ್ಮಿ. ನಿಧಾನಕ್ಕೆ ನಡೆಯುತ್ತದೆ, ಕಂಬದ ಬುಡ ಮೂಸುತ್ತದೆ, ಕಾರಿನ ಚಕ್ರ ಮೂಸುತ್ತದೆ, ಮೋರಿ ಪಕ್ಕ ನಿಂತು ಏನೋ ಲೆಕ್ಕ ಹಾಕುತ್ತದೆ, ಬೇಕರಿಯವನು ಶಟರ್ ಎತ್ತುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗಿ ಕೂರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ, ನಿಂತ ಆಟೋ ಕೆಳಗೆ ಗಾಢ ನಿದ್ದೆ. ಬೀದಿಯ ಬಾಳು ಸುಖದ್ದು ಅಂತ ನಾನು ಹೇಳುತ್ತಿಲ್ಲ. ಗಾಡಿಗೆ ಸಿಕ್ಕಿದ, ರೋಗ ಬಂದ ಎಷ್ಟೋ ಬೀದಿ ನಾಯಿಗಳಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ. ಆದರೆ ಬೇಜಾರಿಗೆ ಚಪ್ಪಲಿ ಕಚ್ಚುವ ಬೀದಿ ನಾಯಿ ಅಪರೂಪ. ಅದಕ್ಕೆ ಕೆಲಸ ಇದೆ.

ಬಾಲ್ ಆಟದ ಬಗ್ಗೆ ನನ್ನದೇ ಅನುಭವ ಹೇಳಬೇಕು. ಡಾಕ್ಟರಾಗಿ ಕೆಲಸ ಶುರು ಮಾಡಿದ ಮೊದಲ ವರ್ಷಗಳಲ್ಲಿ ನನ್ನ ಹತ್ತಿರವೂ ಒಂದು ಲ್ಯಾಬ್, ಅಂದರೆ ಲ್ಯಾಬ್ರಡಾರ್ ನಾಯಿ, ಇತ್ತು. ದಣಿದರೆ ಸುಮ್ಮನಾಗುತ್ತಾನೆ ಅಂತ ದಿನಾ ಐವತ್ತು ಅರವತ್ತು ಸಲ ಬಾಲ್ ಎಸೆಯುತ್ತಿದ್ದೆ. ಆಗಿದ್ದೇ ಬೇರೆ. ದಿನಾ ಓಡಿ ಓಡಿ ಅವನ ದಮ್ಮು ಹೆಚ್ಚಾಯಿತು. ಮೊದಲು ಇಪ್ಪತ್ತು ಸಲಕ್ಕೆ ಮಲಗುತ್ತಿದ್ದವನು ಅರವತ್ತಾದರೂ ಬಾಲ್ ತಂದು ಕಾಲ ಹತ್ತಿರ ಇಟ್ಟು ಏದುಸಿರು ಬಿಡುತ್ತಾ ನಿಲ್ಲುತ್ತಿದ್ದ. ರಾತ್ರಿ ಕೂಡ ಕಣ್ಣು ಬಾಲಿನ ಮೇಲೆಯೇ. ಐದನೇ ವರ್ಷಕ್ಕೆ ಮಂಡಿ ನೋವು ಬಂತು. ಸಾಯಂಕಾಲ ನಾನು ಮಾಡುತ್ತಿದ್ದದ್ದು ಅವನ ಮೈ ಮನಸ್ಸು ಎರಡನ್ನೂ ಕೆರಳಿಸುವ ಕೆಲಸ ಅಂತ ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬಾಲ್ ಪೂರ್ತಿ ಬಿಡಬೇಕಿಲ್ಲ. ಐದಾರು ಸಲ ಎಸೆಯಿರಿ. ಅದರಲ್ಲೂ ಎಸೆದ ತಕ್ಷಣ ಬಿಡದೆ, ಕೂರಿಸಿ, ಬಾಲ್ ಕುಂಡದ ಹಿಂದೆ ಬಿದ್ದ ಮೇಲೆ ಹುಡುಕಲು ಬಿಡಿ. ಟೆರೇಸಿನ ನೆಲ ನುಣುಪಾಗಿದ್ದರೆ ಅಲ್ಲಿ ಓಡಿಸಲೇಬೇಡಿ, ಜಾರಿದರೆ ಕೀಲಿಗೆ ಪೆಟ್ಟು. ಇನ್ನೊಂದು ವಿಷಯ, ಬಾಲ್ ನೀಲಿ ಬಣ್ಣದ್ದು ತನ್ನಿ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ. ಹಸಿರು ಹುಲ್ಲಿನಲ್ಲಿ ಬಿದ್ದ ಕೆಂಪು ಬಾಲ್ ನಮಗೆ ಎದ್ದು ಕಾಣುತ್ತದೆ, ಅವನ ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ.

ಈಗ ಮೂಗಿಗೆ ಬರೋಣ. ವಾಸನೆ ಹಿಡಿಯುವ ಜೀವಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 50-60 ಲಕ್ಷ. ನಾಯಿಯ ಮೂಗಿನಲ್ಲಿ, ತಳಿಯ ಮೇಲೆ ಹೆಚ್ಚುಕಮ್ಮಿ ಆದರೂ, 20 ಕೋಟಿಯ ಆಸುಪಾಸು. ನಾವು ಬೆಳಿಗ್ಗೆ ಪೇಪರ್ ತಿರುವಿ ಹಾಕುವ ಹಾಗೆ ಅವನು ಕಂಬದ ಬುಡ ಓದುತ್ತಾನೆ. ರಾತ್ರಿ ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಹೊಸದೋ ಹಳೆಯದೋ, ಎಲ್ಲ ಅಲ್ಲಿದೆ. ನಿಮ್ಮ ಯಜಮಾನರು ಆಫೀಸಿನ ಆತುರದಲ್ಲಿ ಅವನನ್ನು ಪ್ರತಿ ಕಂಬದಿಂದಲೂ ಎಳೆದುಕೊಂಡು ಹೋಗುತ್ತಿರಬೇಕು ಅಂತ ನನ್ನ ಅಂದಾಜು. ಹತ್ತರಲ್ಲಿ ಒಂಬತ್ತು ಜನ ಹಾಗೇ ಮಾಡುವುದನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಇದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. 2019ರಲ್ಲಿ ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿಯರು 20 ಸಾಕು ನಾಯಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಮೂಸಿ ಹುಡುಕುವ ಆಟ. ಇನ್ನೊಂದಕ್ಕೆ ಮಾಲೀಕರ ಕಾಲ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಶುರುವಿನಲ್ಲೂ ಕೊನೆಯಲ್ಲೂ ಒಂದು ಪರೀಕ್ಷೆ. ಒಂದು ಜಾಗದಲ್ಲಿಟ್ಟ ಬಟ್ಟಲಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಜಾಗದ್ದು ಯಾವಾಗಲೂ ಖಾಲಿ ಅಂತ ಮೊದಲು ಕಲಿಸಿ, ಆಮೇಲೆ ಎರಡರ ನಡುವೆ ಬಟ್ಟಲು ಇಟ್ಟು ನೋಡಿದರು. ಮೂಸುವ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಆ ನಡುವಿನ ಬಟ್ಟಲ ಹತ್ತಿರ ಹೋದವು. ಅಂದರೆ, ಅಲ್ಲಿ ಏನೋ ಒಳ್ಳೆಯದು ಇರಬಹುದು ಅನ್ನುವ ಭರವಸೆ ಅವಕ್ಕೆ ಹೆಚ್ಚಾಗಿತ್ತು. ಪಕ್ಕದಲ್ಲಿ ನಡೆದ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಎರಡೂ ಗುಂಪಿಗೂ ತಿಂಡಿ ಸಿಗುತ್ತಿತ್ತು, ಮಾಲೀಕರ ಜೊತೆಯೂ ಇತ್ತು. ಮೂಗಿಗೆ ಕೆಲಸ ಸಿಕ್ಕಿದ್ದು ಒಂದಕ್ಕೆ ಮಾತ್ರ.

ಹಾಗಾಗಿ ನಾಳೆಯಿಂದ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೈದು ನಿಮಿಷ ಬ್ರೂನೋನದ್ದು ಅಂತ ಇಟ್ಟುಬಿಡಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಮೂಸಬೇಕು, ಯಾವ ಕಡೆ ತಿರುಗಬೇಕು ಅನ್ನುವುದು ಅವನ ತೀರ್ಮಾನ. ನಾಲ್ಕು ಅಡಿಯ ಚೈನ್ ಬದಲು ಹತ್ತು ಅಡಿಯ ಹಗ್ಗ ಇರಲಿ, ಕುತ್ತಿಗೆ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಎರಡೇ ರಸ್ತೆ ದಾಟಿದರೂ ಪರವಾಗಿಲ್ಲ. ದಿನಾ ಒಂದೇ ದಾರಿ ಬೇಡ, ಇವತ್ತು ಎಡಕ್ಕೆ ಹೋದರೆ ನಾಳೆ ಬಲಕ್ಕೆ. ಖಾಲಿ ಸೈಟಿನ ಪಾರ್ಥೇನಿಯಂ ಪೊದೆಯೊಳಗೆ ಮಾತ್ರ ಬಿಡಬೇಡಿ. ಉಣ್ಣೆ ಹತ್ತುತ್ತದೆ, ನಮ್ಮ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಹಾವೂ ಇರುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಮನೆ ಇರುವವರು ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ನಾಯಿ ಕರೆದುಕೊಂಡು ಹೋಗಬೇಡಿ. ಅಲ್ಲಿ ಚಿರತೆ ಓಡಾಟ ಇದೆ, ಚಿರತೆಗೆ ನಾಯಿ ಸುಲಭದ ಬೇಟೆ. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ನಿಮ್ಮ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಿ. ಇಡಲಾಗದಿದ್ದರೆ ಅವನ ಪಾದವೂ ಸುಡುತ್ತದೆ.

ಇನ್ನು ಊಟ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಮುಖ್ಯವಾದ ಭಾಗ ಇದೇ.

ಲ್ಯಾಬ್‌ಗಳ ಹಸಿವಿನ ಬಗ್ಗೆ ನಿಮಗೆ ಗೊತ್ತೇ ಇದೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಒಂದು ಕಾರಣ ಕಂಡುಹಿಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಒಎಂಸಿ ಎಂಬ ಜೀನ್‌ನ ಒಂದು ತುಂಡು ಇರುವುದಿಲ್ಲ, ಅಂಥವಕ್ಕೆ ತಿನ್ನುವ ಆಸೆ ಜಾಸ್ತಿ, ಮೈಯೂ ಬೇಗ ಬರುತ್ತದೆ. ಈ ಹಸಿವೇ ನಿಮಗೆ ಅನುಕೂಲ. ತಿನ್ನಲು ಸಿಗುತ್ತದೆ ಅಂದರೆ ಲ್ಯಾಬ್ ಎಂಥ ಕೆಲಸಕ್ಕೂ ತಯಾರು. ಆದ್ದರಿಂದ ಅವನ ದಿನದ ಊಟವನ್ನು ಬೆಳಿಗ್ಗೆಯೇ ಅಳೆದು ಡಬ್ಬಿಗೆ ಹಾಕಿ. ಅರ್ಧ ಮಾತ್ರ ತಟ್ಟೆಗೆ. ಉಳಿದ ಅರ್ಧ ಹುಡುಕಿ ತಿನ್ನುವುದಕ್ಕೆ. ಬೇರೆ ತಿಂಡಿ ಮೇಲಿಂದ ಸೇರಿಸಿದರೆ ಆರು ತಿಂಗಳಲ್ಲಿ ತೂಕದ ಸಮಸ್ಯೆಗೆ ನನ್ನ ಹತ್ತಿರ ಬರುತ್ತೀರಿ, ಅದಕ್ಕೇ ಈ ಡಬ್ಬಿ.

ಮೊದಲ ಮೂರು ದಿನ ಬಹಳ ಸುಲಭ ಇರಲಿ. ಅವನು ನೋಡುತ್ತಿರುವಾಗಲೇ ಡಾಗ್ ಫುಡ್ ಕಾಳುಗಳನ್ನು ಅಂಗಳದ ಹುಲ್ಲಿನ ಮೇಲೆ, ಇಲ್ಲವಾದರೆ ಹಳೆಯ ಕಾಲೊರಸು ಮೇಲೆ ಚೆಲ್ಲಿ, "ಹುಡುಕು" ಅನ್ನಿ. ಒಂದೇ ಪದ, ಮನೆಯವರೆಲ್ಲ ಅದನ್ನೇ ಹೇಳಬೇಕು. ಅರ್ಥವಾದ ಮೇಲೆ ಹಳೆಯ ಟವಲಿನಲ್ಲಿ ಕಾಳು ಹಾಕಿ ಸಡಿಲವಾಗಿ ಸುತ್ತಿ ಕೊಡಿ. ಆಮೇಲೆ ರಟ್ಟಿನ ಮೊಟ್ಟೆ ಟ್ರೇ. ಆಮೇಲೆ ಒಂದು ರಟ್ಟಿನ ಡಬ್ಬದ ತುಂಬಾ ಒಣಗಿದ ಹೊಂಗೆ ಎಲೆ, ಅದರೊಳಗೆ ಕಾಳು. ಆಮೇಲೆ ಬಾಗಿಲ ಹಿಂದೆ, ಕುರ್ಚಿ ಕೆಳಗೆ, ಮೆಟ್ಟಿಲ ಮೇಲೆ. ದಸರಾ ಆನೆಯ ತಾಲೀಮು ನೋಡಿರುತ್ತೀರಲ್ಲ? 750 ಕೆಜಿಯ ಚಿನ್ನದ ಅಂಬಾರಿ ಹೊರಬೇಕಾದ ಆನೆಗೆ ಮೊದಲು ಮರಳಿನ ಮೂಟೆ ಹೊರಿಸಿ, ತೂಕ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಇಲ್ಲೂ ಅದೇ ಲೆಕ್ಕ. ಬ್ರೂನೋ ಹುಡುಕುವುದು ಬಿಟ್ಟು ನಿಮ್ಮ ಮುಖ ನೋಡಿದರೆ, ಬೊಗಳಿದರೆ, ಡಬ್ಬ ಹರಿಯಲು ಶುರು ಮಾಡಿದರೆ, ಆಟ ಕಷ್ಟವಾಗಿದೆ ಅಂತ ಅರ್ಥ. ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಬೈಯಬೇಡಿ.

ಪೇಟೆಯಲ್ಲಿ ಇದಕ್ಕೇ ಅಂತ ಸಾವಿರಾರು ರೂಪಾಯಿಯ ಆಟಿಕೆ ಸಿಗುತ್ತವೆ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ ಒಂದು ತೆಗೆದುಕೊಳ್ಳಿ, ಸಾಕು. ಉಳಿದಿದ್ದಕ್ಕೆ ಅಡುಗೆಮನೆ ಇದೆ. ಹಳೆಯ ಇಡ್ಲಿ ತಟ್ಟೆ ಇದ್ದರೆ ಅವನಿಗೆ ಬಿಟ್ಟುಕೊಡಿ. ಒಂದು ಆಟ ಹೀಗೆ: ಒಂದೆರಡು ಗುಳಿಯಲ್ಲಿ ಮಾತ್ರ ಕಾಳು ಹಾಕಿ, ಎಲ್ಲ ಗುಳಿಯ ಮೇಲೂ ಒಂದೊಂದು ಟೆನಿಸ್ ಬಾಲ್ ಇಡಿ. ಯಾವುದರಲ್ಲಿದೆ ಅಂತ ಮೂಸಿ, ಬಾಲ್ ತಳ್ಳಿ ತಿನ್ನಬೇಕು. ಇನ್ನೊಂದು: ಗುಳಿಗಳಿಗೆ ಉಪ್ಪಿಲ್ಲದ ಗಟ್ಟಿ ಮೊಸರು, ಹಿಸುಕಿದ ಬಾಳೆಹಣ್ಣು ಸ್ವಲ್ಪ ಸವರಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಕೊಟ್ಟರೆ ಹದಿನೈದು ಇಪ್ಪತ್ತು ನಿಮಿಷ ನೆಕ್ಕುತ್ತಾನೆ. ನೆಕ್ಕುವುದು, ಜಗಿಯುವುದು ನಾಯಿಯ ಮನಸ್ಸನ್ನು ಸಮಾಧಾನ ಮಾಡುತ್ತದೆ, ಓಡುವ ಆಟದ ಹಾಗೆ ಕೆರಳಿಸುವುದಿಲ್ಲ. ನಮ್ಮ ಕಡೆ ಬಹಳ ಮನೆಯಲ್ಲಿ ನಾಯಿಗೂ ರಾಗಿ ಮುದ್ದೆ ಹಾಕುತ್ತಾರೆ, ತಪ್ಪೇನಿಲ್ಲ. ತಣ್ಣಗಾದ ಮುದ್ದೆಯನ್ನು ಗೋಲಿಯಷ್ಟು ಉಂಡೆ ಮಾಡಿ ಬಚ್ಚಿಟ್ಟರೆ ಅದೂ ಒಳ್ಳೆಯ ಬೇಟೆ. ಸಾರಿನಲ್ಲಿ ಅದ್ದಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡ.

ಎಚ್ಚರಿಕೆಯ ಮಾತುಗಳನ್ನು ಇಲ್ಲೇ ಹೇಳುತ್ತೇನೆ. ಟವಲು, ರಟ್ಟು, ಡಬ್ಬದ ಆಟಗಳನ್ನು ಯಾರಾದರೂ ಎದುರಿಗಿದ್ದಾಗ ಮಾತ್ರ ಆಡಿಸಿ, ಆಟ ಮುಗಿದ ತಕ್ಷಣ ಎತ್ತಿಡಿ. ಲ್ಯಾಬ್ ಬಟ್ಟೆ ನುಂಗುತ್ತದೆ. ಕಾಲುಚೀಲ, ಮಾವಿನ ವಾಟೆ, ಜೋಳದ ದಿಂಡು, ಈ ಮೂರನ್ನೂ ನಾಯಿಯ ಕರುಳಿನಿಂದ ಆಪರೇಷನ್ ಮಾಡಿ ತೆಗೆದಿದ್ದೇನೆ. ಎಳನೀರು ಬುರುಡೆ ಕೊಡುವವರೂ ಇದ್ದಾರೆ. ನಾರು ಕಿತ್ತು ಬಿಸಾಡುವ ನಾಯಿಗೆ ಸರಿ, ನುಂಗುವ ನಾಯಿಗೆ ಬೇಡ. ಬ್ರೂನೋ ಇವೆರಡರಲ್ಲಿ ಯಾವ ಥರದವನು ಅಂತ ಗೊತ್ತಾಗುವವರೆಗೆ ಅವನಿಗೂ ಬೇಡ. ಬೇಯಿಸಿದ ಮೂಳೆ ಚೂರಾಗಿ ಚುಚ್ಚುತ್ತದೆ. ಜಗಿಯಲು ಏನು ಕೊಡುವುದಾದರೂ ನಿಮ್ಮ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಉಗುರು ಸ್ವಲ್ಪವೂ ಇಳಿಯದಷ್ಟು ಗಟ್ಟಿ ಇದ್ದರೆ ಅದು ಹಲ್ಲು ಮುರಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ಇಡೀ ಕ್ಯಾರೆಟ್ ಒಳ್ಳೆಯದು.

ಈಗ ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ಅವರು ತೊಂದರೆ ಅನುಭವಿಸುವವರಾಗಿ ಮಾತ್ರ ಬಂದಿದ್ದಾರೆ. ಆದರೆ ನನಗೆ ಕಾಣುವುದು ಬೇರೆ. ಹಗಲೆಲ್ಲ ಬ್ರೂನೋ ಜೊತೆ ಇರುವುದು ಅವರೊಬ್ಬರೇ. ಸೆರಗು ಎಳೆಯುವುದು ದ್ವೇಷಕ್ಕಲ್ಲ. ಸೆರಗು ಎಳೆದಾಗ ಅವರು ತಿರುಗುತ್ತಾರೆ, ಮಾತಾಡುತ್ತಾರೆ, ಕೂಗುತ್ತಾರೆ. ಅವನಿಗೆ ಇಡೀ ಮಧ್ಯಾಹ್ನದಲ್ಲಿ ಸಿಗುವ ಸಂಗತಿ ಅದೊಂದೇ. ಅವರು ಓಡಾಡಬೇಕಿಲ್ಲ, ಬಗ್ಗಬೇಕಿಲ್ಲ. ನೀವು ಬೆಳಿಗ್ಗೆ ಹೊರಡುವಾಗ ಮೂರು ಪೊಟ್ಟಣ ಕಟ್ಟಿಟ್ಟು ಹೋಗಿ. ಹನ್ನೊಂದು ಗಂಟೆಗೆ ಒಂದು, ಎರಡಕ್ಕೆ ಒಂದು, ನಾಲ್ಕೂವರೆಗೆ ಒಂದು. ಅವರು ಕುರ್ಚಿಯಲ್ಲಿ ಕೂತೇ ಪೊಟ್ಟಣ ಬಿಚ್ಚಿ, ಮೊದಲು "ಕೂರು" ಅನ್ನಲಿ. ಅವನು ಕೂತ ಮೇಲೆ ಅಂಗಳಕ್ಕೆ ಕಾಳು ಚೆಲ್ಲಿ "ಹುಡುಕು" ಅನ್ನಲಿ. ಸೆರಗಿಗೆ ಬಾಯಿ ಹಾಕಿದರೆ ಕೂಗದೆ, ಸೆರಗು ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ಅರ್ಧ ನಿಮಿಷ ಬಿಟ್ಟು ಬರಲಿ. ಸೆರಗಿನಿಂದ ಏನೂ ಸಿಗುವುದಿಲ್ಲ, ಕೂತರೆ ಎಲ್ಲ ಸಿಗುತ್ತದೆ ಅಂತ ಅವನಿಗೆ ಎಂಟು ಹತ್ತು ದಿನದಲ್ಲಿ ತಿಳಿಯುತ್ತದೆ. ವಯಸ್ಸಾದವರ ಮಾತನ್ನು ನಾಯಿ ಎಷ್ಟು ಚೆನ್ನಾಗಿ ಕೇಳುತ್ತದೆ ಅಂತ ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅವರಿಗೆ ಆತುರ ಇರುವುದಿಲ್ಲ, ಹೇಳಿದ್ದನ್ನು ದಿನಾ ಅದೇ ರೀತಿ ಹೇಳುತ್ತಾರೆ.

ಇನ್ನೊಂದು ಕೆಲಸ ಅವನಿಗೆ ಕಲಿಸಿ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಸ್ತರ ಜೊತೆ ನೀರಿಗಿಳಿದು ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳು. ಬಾಯಲ್ಲಿ ಹಿಡಿದು ತಂದು ಕೊಡುವುದು ಇವುಗಳ ರಕ್ತದಲ್ಲಿದೆ. ನಿಮ್ಮ ಚಪ್ಪಲಿಗೆ ಬಾಯಿ ಹೋಗುವುದೂ ಸ್ವಲ್ಪ ಮಟ್ಟಿಗೆ ಇದರಿಂದಲೇ. ಬೆಳಿಗ್ಗೆ ಗೇಟಿನ ಹತ್ತಿರ ಬೀಳುವ ಪೇಪರನ್ನು ಅತ್ತೆಗೆ ತಂದುಕೊಡುವುದು ಇವನ ಕೆಲಸವಾಗಲಿ. ಮೊದಲು ಒಂದು ಅಡಿ ದೂರದಿಂದ, ಆಮೇಲೆ ನಾಲ್ಕು ಅಡಿ, ಆಮೇಲೆ ಬಾಗಿಲಿನಿಂದ. ಒಂದು ಸಲಕ್ಕೆ ಮೂರು ನಿಮಿಷ ಸಾಕು, ದಿನಕ್ಕೆ ಎರಡು ಸಲ. ಒಂದು ಬಂದ ಮೇಲೆ ವಸ್ತುಗಳ ಹೆಸರು ಕಲಿಸಿ. ಅಮೆರಿಕದ ನಿವೃತ್ತ ಪ್ರೊಫೆಸರ್ ಜಾನ್ ಪಿಲ್ಲಿ ಅವರ ಚೇಸರ್ ಎಂಬ ಬಾರ್ಡರ್ ಕೋಲಿ ತಳಿಯ ನಾಯಿ ಮೂರು ವರ್ಷದಲ್ಲಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಬ್ರೂನೋ ಐದು ಕಲಿತರೂ ಅವನ ತಲೆಗೆ ಅದು ದೊಡ್ಡ ಕಸರತ್ತು.

ಕುಂಡ ಕೆದಕುವುದಕ್ಕೆ ಪರಿಹಾರ ಸರಳ. ಕೆದಕುವುದನ್ನು ನಿಲ್ಲಿಸಲು ಹೋಗಬೇಡಿ, ಜಾಗ ಬದಲಾಯಿಸಿ. ಅಂಗಳದ ನೆರಳಿನ ಮೂಲೆಯಲ್ಲಿ ನಾಲ್ಕು ಇಟ್ಟಿಗೆ ಸುತ್ತ ಇಟ್ಟು ಎರಡು ಮೂಟೆ ಮರಳು ಸುರಿಯಿರಿ, ಅದರಲ್ಲಿ ಅವನ ಆಟಿಕೆ ಹೂತಿಡಿ. ರಾತ್ರಿ ಬೆಕ್ಕು ಬರದ ಹಾಗೆ ಮುಚ್ಚಿಡಿ. ಕುಂಡಗಳನ್ನು ಸ್ವಲ್ಪ ದಿನ ಟೆರೇಸಿಗೆ ಸಾಗಿಸಿ. ಗೇಟಿಗೆ ಅವನ ಕಣ್ಣಿನ ಎತ್ತರದವರೆಗೆ ಶೀಟ್ ಹೊಡೆಸಿ, ಅರ್ಧ ಬೊಗಳುವಿಕೆ ಅಲ್ಲೇ ನಿಲ್ಲುತ್ತದೆ. ಆಟಿಕೆಗಳನ್ನೆಲ್ಲ ಒಟ್ಟಿಗೆ ಹರಡಬೇಡಿ. ಮೂರು ಹೊರಗೆ, ಉಳಿದದ್ದು ಬೀರುವಿನಲ್ಲಿ, ವಾರಕ್ಕೊಮ್ಮೆ ಬದಲು. ಲೇಸರ್ ಲೈಟ್ ಮಾತ್ರ ಯಾವತ್ತೂ ಬೇಡ. ಹಿಡಿಯಲಾಗದ ಬೆಳಕಿನ ಹಿಂದೆ ಓಡಿ ಓಡಿ ನೆರಳು ಕಂಡರೂ ಬೆನ್ನಟ್ಟುವ ಚಟ ಹತ್ತಿದ ನಾಯಿಗಳಿವೆ, ಅದನ್ನು ಬಿಡಿಸುವುದು ಬಹಳ ಕಷ್ಟ.

ಇಷ್ಟೆಲ್ಲ ಹೇಳಿದೆ ಅಂತ ದಿನವಿಡೀ ಆಡಿಸಲು ಹೋಗಬೇಡಿ. ದೊಡ್ಡ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗಬೇಕು. ಸಾಕಷ್ಟು ನಿದ್ದೆ ಇಲ್ಲದ ನಾಯಿಯೂ ಬೇಜಾರಾದ ನಾಯಿಯ ಹಾಗೇ ಕಚ್ಚುತ್ತದೆ, ಕೆದಕುತ್ತದೆ. ಆಟ ಆದ ಮೇಲೆ ಒಂದು ತಣ್ಣನೆಯ ಮೂಲೆ, ಗೋಣಿಚೀಲ, ಯಾರೂ ಮಾತಾಡಿಸದ ಎರಡು ಗಂಟೆ.

ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಅತ್ತೆಯೂ ಹೊರಗೆ ಹೋಗಿ ಅವನೊಬ್ಬನೇ ಇದ್ದಾಗ ಏನಾಗುತ್ತದೆ ಅಂತ ಹಳೆಯ ಮೊಬೈಲಿನಲ್ಲಿ ವಿಡಿಯೋ ಇಟ್ಟು ನೋಡಿ. ನೀವು ಬಾಗಿಲು ಹಾಕಿದ ಅರ್ಧ ಗಂಟೆಯೊಳಗೇ ಊಳಿಡುವುದು, ಜೊಲ್ಲು ಸುರಿಸುವುದು, ಬಾಗಿಲು ಕಿಟಕಿಯನ್ನೇ ಕೆರೆಯುವುದು, ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು ಕಂಡರೆ ಅದು ಬೇಜಾರಲ್ಲ, ಒಂಟಿತನದ ಭಯ. ಅದಕ್ಕೆ ಈ ಆಟಗಳಷ್ಟೇ ಸಾಲದು, ಡಾಕ್ಟರನ್ನು ಕಾಣಬೇಕು. ಹಾಗೆಯೇ ಈ ಚೇಷ್ಟೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಕಿವಿ, ಚರ್ಮ, ಕೀಲು ಒಮ್ಮೆ ಪರೀಕ್ಷೆ ಮಾಡಿಸಿ. ನೋವಿರುವ ನಾಯಿಗೆ ಹೇಳಿಕೊಳ್ಳಲು ಬಾಯಿಲ್ಲ, ಅಲ್ವಾ.

ಮೊದಲ ವಾರ ಬದಲಾವಣೆ ಕಾಣದಿದ್ದರೆ ಬಿಡಬೇಡಿ. ಕೆಲವು ನಾಯಿಗಳು ಶುರುವಿನಲ್ಲಿ "ಇನ್ನೂ ಕೊಡಿ" ಅಂತ ಹಿಂದೆ ಹಿಂದೆ ಸುತ್ತಿ ಸ್ವಲ್ಪ ಜಾಸ್ತಿಯೇ ಕಾಡುತ್ತವೆ. ಮೂರನೇ ವಾರ ಒಂದು ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಅವನು ಎಷ್ಟು ಹೊತ್ತು ಮಲಗಿದ, ಎಷ್ಟು ಸಲ ಗೇಟಿಗೆ ಓಡಿದ ಅಂತ ಅತ್ತೆಯವರ ಹತ್ತಿರ ಒಂದು ಚೀಟಿಯಲ್ಲಿ ಬರೆಸಿ. ಆ ಚೀಟಿಯಲ್ಲಿ ಏನಿತ್ತು ಅಂತ ನನಗೂ ಬರೆಯಿರಿ, ಮುಂದಿನದ್ದು ಅದನ್ನು ನೋಡಿ ಹೇಳುತ್ತೇನೆ.